ಓರಿನ್ ಬಾಯಿ ಬಿಡುವವರೆಗೆ

ಎಲ್ಲಿಂದ ಶುರುಮಾಡಲಿ?

ಮೊದಲ ಸಲ ಸರೋವರದಿಂದ ಶುರುಮಾಡಿದೆ. ಅಮೆರಿಕದ ಮಿನೆಸೋಟಾದಲ್ಲಿರುವ ಡುಲೂತ್ ಊರಿನ ಬಗ್ಗೆ ಬರೆಯುವವರೆಲ್ಲ ಅಲ್ಲಿಂದಲೇ ಹೊರಡುತ್ತಾರೆ. ಮಂಜು, ಹಡಗಿನ ಕೂಗು, ಅದಿರಿನ ರಾಶಿ. ಎರಡು ಪುಟವಾದ ಮೇಲೆ ನೋಡುತ್ತೇನೆ, ಒಂದು ನರಪಿಳ್ಳೆಯೂ ಬಂದಿಲ್ಲ. ಹರಿದು ಹಾಕಿದೆ.

ಎರಡನೆಯ ಸಲ, ‘ಮಾರ್ಲಿಸ್ ಕೆಟುನೆನ್ ತನ್ನ ಮನೆಯ ನೆಲಮಾಳಿಗೆಯಲ್ಲಿ ಒಬ್ಬಳೇ ಕೂತು ಕಣ್ಣೀರು ಹಾಕುತ್ತಿದ್ದಳು’ ಎಂದು ಬರೆದೆ. ಅವಳೇ ಬಂದು ಕೈ ಹಿಡಿದಳು.

“ನಾನ್ಯಾವಾಗ ಅತ್ತೆ?”

“ಓದೋರಿಗೆ ಸ್ವಲ್ಪ ಕರುಣೆ ಬರಲಿ ಅಂತ.”

“ಕರುಣೆ ನೀನೇ ಇಟ್ಕೋ. ನಂಗೆ ಬಂದಿದ್ದು ಸಿಟ್ಟು. ಸಿಟ್ಟು ಅಂತಲೇ ಬರಿ.”

ಸರಿ, ಸಿಟ್ಟು. (ಅದು ನನ್ನ ಹತ್ತಿರ ಬೇಕಾದಷ್ಟಿದೆ. ಸಾಲ ಕೊಡಬಲ್ಲೆ.)

೧

ಮಾರ್ಲಿಸ್ ಆ ಊರಿನ ಒಂದು ಸಣ್ಣ ನಾಟಕಶಾಲೆಯಲ್ಲಿ ಇಪ್ಪತ್ತು ವರ್ಷ ಮೇಳ ನಡೆಸಿದವಳು. ವೇದಿಕೆಯ ಮುಂದೆ ಒಂದು ಹಳ್ಳ. ಹಳ್ಳದಲ್ಲಿ ಆರು ಜನ ವಾದ್ಯದವರು. ಪಿಯಾನೋ ಮುಂದೆ ಇವಳು. ಹೋದ ವರ್ಷ ಹಳ್ಳಕ್ಕೆ ಹಲಗೆ ಬಡಿದು ಅದರ ಮೇಲೆ ಕುರ್ಚಿ ಹಾಕಿದರು. ಆರು ಜನ ಮನೆಗೆ ಹೋದರು. ಇವಳಿಗೆ ಮಾತ್ರ, “ನೀವು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪೂರ್ತಿ ಆರ್ಕೆಸ್ಟ್ರಾ ಮಾಡಿಕೊಡಿ” ಎಂದರು.

ಇದು ಯಂತ್ರವನ್ನು ಬಯ್ಯುವ ಕಥೆ ಎಂದುಕೊಂಡವರು ಇಲ್ಲೇ ಇಳಿದುಬಿಡಿ. ಆ ಕೆಲಸ ಅವಳಿಗೆ ಇಷ್ಟವಾಯಿತು. ಬಟ್ಟೆ ಒಗೆಯುವ ಯಂತ್ರಕ್ಕೂ ಜಿಂಕೆ ಮಾಂಸ ತುಂಬಿದ ಫ್ರೀಜರಿಗೂ ನಡುವೆ ಮೇಜು ಹಾಕಿ, ಗೋಡೆಗೆ ಅಜ್ಜಿಯ ಕೌದಿಗಳನ್ನು ತೂಗುಬಿಟ್ಟು ಸದ್ದು ಮಾರ್ದನಿಸದಂತೆ ಮಾಡಿಕೊಂಡಳು. ಹಳ್ಳದಲ್ಲಿ ಒಂದೇ ಪಿಟೀಲು ಇತ್ತು; ಈಗ ಮೂವತ್ತು. ಕಹಳೆ ಬೇಕೆಂದರೆ ಕಹಳೆ, ನಗಾರಿ ಬೇಕೆಂದರೆ ನಗಾರಿ. ಕಂಪ್ಯೂಟರಿನ ಮೂವತ್ತೂ ಪಿಟೀಲುಗಳು ಸಿಪಾಯಿಗಳ ಹಾಗೆ ಒಂದೇ ಗಳಿಗೆಗೆ ಹೆಜ್ಜೆ ಎತ್ತುತ್ತಿದ್ದವು. ಮನುಷ್ಯರು ಹಾಗೆ ನುಡಿಸುವುದಿಲ್ಲ. ಅದಕ್ಕೆ ಒಂದೊಂದನ್ನೂ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದಳು. ಕೊಳಲುಗಳಿಗೆ ಉಸಿರಿರಲಿಲ್ಲ, ಮೈಕಿನ ಮುಂದೆ ತಾನೇ ಉಸಿರೆಳೆದು ಪ್ರತಿ ಸಾಲಿನ ಮುಂದೆ ಅಂಟಿಸಿದಳು. ಕೇಳಿದವರಿಗೆ ಎಪ್ಪತ್ತು ಜನ ಕೂತಿದ್ದಾರೆ ಅನ್ನಿಸುತ್ತಿತ್ತು. ಎಪ್ಪತ್ತು ಜನರ ಹಿಂದೆಯೂ ಉಸಿರಾಡುತ್ತಿದ್ದವಳು ಒಬ್ಬಳೇ.

ಹಾಗಾದರೆ ಸಿಟ್ಟೇಕೆ? ತಡೆಯಿರಿ. ನನಗೂ ಆತುರವಿದೆ.

೨

ನಾಟಕ ಆ ಊರಿನದೇ, ಕೆಲವು ವರ್ಷಕ್ಕೊಮ್ಮೆ ಆಡುತ್ತಾರೆ. ಹಡಗುಗಳಿಗೆ ದಾರಿ ತೋರುವ ದೀಪಸ್ತಂಭ ಕಾಯುವ ಮುದುಕನೊಬ್ಬ. ಬಿರುಗಾಳಿಯ ದಿನ ಅವನ ತಮ್ಮ ನೀರಿನಲ್ಲಿ ಕೂಗುತ್ತಿದ್ದ, ಇವನು ಹೆದರಿ ದೋಣಿ ಇಳಿಸಲಿಲ್ಲ. ಕೊನೆಯ ದೃಶ್ಯದಲ್ಲಿ, ಅಷ್ಟು ವರ್ಷಗಳ ಮೇಲೆ, ತಮ್ಮನ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಮುದುಕನ ಪಾತ್ರ ಯಾವತ್ತೂ ಓರಿನ್ ಬಕಿಯದು. ಈಗ ಅವನೇ ಎಂಬತ್ತರ ಹತ್ತಿರ.

ಹೆಸರು ಹೇಳುವ ಮುಂಚೆ ಓರಿನ್ ನಿಲ್ಲುತ್ತಾನೆ. ಕೆಲವು ದಿನ ಕೆಮ್ಮುವಷ್ಟು ಹೊತ್ತು. ಕೆಲವು ದಿನ, ಸಭೆಯಲ್ಲಿದ್ದವರಿಗೆ ತಮ್ಮ ತಮ್ಮ ಸತ್ತವರೆಲ್ಲ ನೆನಪಾಗುವಷ್ಟು ಹೊತ್ತು. ಅಷ್ಟೂ ಹೊತ್ತು ಹಳ್ಳದವರು ಒಂದೇ ಸಾಲನ್ನು ಮತ್ತೆ ಮತ್ತೆ ಮೆಲ್ಲಗೆ ನುಡಿಸುತ್ತಿದ್ದರು. ವಾದ್ಯದವರು ಅದಕ್ಕೆ ವ್ಯಾಂಪ್ ಅನ್ನುತ್ತಾರೆ. ನಾನು ಸುತ್ತು ಅನ್ನುತ್ತೇನೆ. ನಟ ಬಾಯಿ ಬಿಡುವವರೆಗೆ ಸುತ್ತು. ಎಲ್ಲರ ಕಣ್ಣೂ ಕೋಟಿನ ಗುಂಡಿಯನ್ನು ಒತ್ತಿ ಹಿಡಿದ ಓರಿನ್ನನ ಹೆಬ್ಬೆರಳ ಮೇಲೆ. ಹೆಬ್ಬೆರಳು ಕೋಟಿನ ಗುಂಡಿ ಬಿಟ್ಟಿತೋ, ಹೆಸರು ಬರುತ್ತದೆ; ಹೆಸರಿನ ಬೆನ್ನಿಗೆ ಮೇಳ ಏರುತ್ತದೆ.

ಈ ಸಲದ ನಿರ್ದೇಶಕ ಡೆವಿನ್ ಪ್ರುಯಿಟ್, ದೂರದ ಅರಿಜೋನಾದವನು. ಹಳೆಯ ವಿಡಿಯೋ ನೋಡಿ, ಸುತ್ತು ಹನ್ನೊಂದು ಸೆಕೆಂಡು ಎಂದು ಅಳೆದಿಟ್ಟಿದ್ದ.

“ಅದು ಆ ದಿನದ ಅಳತೆ,” ಎಂದಳು ಮಾರ್ಲಿಸ್. “ಸುತ್ತು ಸುತ್ತುತ್ತಾ ಇರಲಿ. ನಾನು ಬಂದು ಕೂತು ಅವನನ್ನ ನೋಡ್ಕೊಂಡು ಮುಂದಕ್ಕೆ ಬಿಡ್ತೀನಿ. ಕಂಪ್ಯೂಟರಿಗೆ ಅದೇನು ಕಷ್ಟದ ಕೆಲಸ ಅಲ್ಲ.”

“ಬೇಡ ಮಾರ್ಲಿಸ್. ಎಲ್ಲಾ ಲೈಟೂ ಆ ಒಂದೇ ಮ್ಯೂಸಿಕ್ ಫೈಲಿಗೆ ಕಟ್ಟಿದೀವಿ. ನೀವು ಕಳ್ಸಿದ್ರಿ, ನಿಮ್ಮ ಕೆಲಸ ಮುಗೀತು.”

“ಓರಿನ್ ಏನ್ಮಾಡ್ಬೇಕು?”

“ಪ್ರಾಕ್ಟೀಸ್ ಮಾಡ್ಬೇಕು.”

೨, ಮತ್ತೆ

(ಇಲ್ಲಿ ಡೆವಿನ್‌ಗೆ ನಾಲ್ಕು ಬೈಗುಳ ಬರೆದಿದ್ದೆ. ಅವನು ಬಂದು ಕೂತ. “ನನ್ನನ್ನ ಖಳನಾಯಕ ಮಾಡ್ಬೇಡಿ. ಹಿಂದೆ ಒಂದು ಊರಲ್ಲಿ ಲೈಟು ತಪ್ಪಿದ ಗಳಿಗೇಲಿ ಆರಿಹೋಗಿ, ಹುಡುಗಿಯೊಬ್ಬಳು ಮೆಟ್ಟಿಲಿಂದ ಬಿದ್ಲು. ಆವತ್ತಿಂದ ಯಾರ ಬೆರಳನ್ನೂ ನಾನು ನಂಬಲ್ಲ.” ಮಾತು ನಿಜವಿರಬಹುದು. ಬೈಗುಳ ಹೊಡೆದು ಹಾಕಿದೆ. ಆದರೂ, ಬಿದ್ದ ಹುಡುಗಿಯ ಹೆಸರಿನಲ್ಲಿ ಮುದುಕನ ಗಂಟಲು ಹಿಸುಕುವುದು ಯಾವ ನ್ಯಾಯ?)

೩

ತಾಲೀಮು. ಮಾರ್ಲಿಸ್ ನೋಡಲು ಬಂದು ಕೂತಿದ್ದಳು. ಓರಿನ್ ನಿಂತ. ಸುತ್ತು ಸುತ್ತಿತು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಹನ್ನೊಂದನೆಯ ಸೆಕೆಂಡಿಗೆ ಮೂವತ್ತು ಪಿಟೀಲು, ಕಹಳೆ, ನಗಾರಿ ಎಲ್ಲ ಒಟ್ಟಿಗೆ ಎದ್ದವು, ಮಾರ್ಲಿಸ್ ಎದೆಯ ಆಳದಿಂದ ಬರೆದಂತೆಯೇ ಎದ್ದವು. ಆ ಗದ್ದಲದೊಳಗೆ ಓರಿನ್ ತಮ್ಮನ ಹೆಸರು ಹೇಳಿದ. ತುಟಿ ಅಲ್ಲಾಡಿದ್ದು ಕಂಡಿತು. ತಮ್ಮ ಎರಡನೆಯ ಸಲ ಮುಳುಗಿದ, ಈ ಸಲ ಅವಳ ಸಂಗೀತದಲ್ಲಿ.

“ಅಬ್ಬಾ!” ಎಂದ ಡೆವಿನ್. “ಹೇಗಿತ್ತು ಓರಿನ್?”

ಓರಿನ್ ಟೋಪಿ ತೆಗೆದು ನೋಡಿದ, ಮತ್ತೆ ಹಾಕಿಕೊಂಡ. “ಬೇರೆ ಥರ ಇದೆ,” ಎಂದ.

ಡೆವಿನ್ ಮುಖ ಅರಳಿತು. “ಅದೇ ಬೇಕಾಗಿದ್ದು ನಂಗೆ! ಇದೇ ಗಟ್ಟಿ.”

ಮಿನೆಸೋಟಾದಲ್ಲಿ ಬಹಳ ವರ್ಷ ಬಾಳಿದ ನನಗೆ ಗೊತ್ತು. ಅರಿಜೋನಾದವನಿಗೆ ಯಾರು ಹೇಳಬೇಕು? ಇಲ್ಲಿಯವರು ಹಳಸಿದ ಊಟವನ್ನು, ಹಾದರವನ್ನು, ಅಳಿಯನ ಹೊಸ ಗಡ್ಡವನ್ನು ‘ಬೇರೆ ಥರ ಇದೆ’ ಅನ್ನುತ್ತಾರೆ. ಅದರಾಚೆ ಬೈಗುಳವಿಲ್ಲ.

ಕಾರು ನಿಲ್ಲಿಸುವ ಜಾಗದಲ್ಲಿ ಮಾರ್ಲಿಸ್ ಓರಿನ್ನನನ್ನು ಅಡ್ಡಗಟ್ಟಿದಳು. “ಬಾಯಿ ಬಿದ್ದುಹೋಗಿತ್ತಾ ನಿಂಗೆ?”

“ಹೇಳಿದ್ನಲ್ಲ.”

“ಏನು ಹೇಳ್ದೆ? ಅವನು ಹೊಗಳಿಕೆ ಅಂದ್ಕೊಂಡು ಕುಣೀತಿದಾನೆ!”

“ಬೇರೆ ಥರ ಇದೆ ಅಂದೆ ಕಣೇ. ಇದಕ್ಕಿಂತ ಕೆಟ್ಟದಾಗಿ ಮಾತಾಡೋದು ನಮ್ಮಮ್ಮ ಕಲಿಸಿಲ್ಲ.”

“ಓರಿನ್, ಯಾರಿಗೂ ಕೇಳಿಸಲಿಲ್ಲ ಅದು. ಹೆಸರು.”

ಅವನು ಕೀಲಿಕೈ ಹುಡುಕುತ್ತ ಬಹಳ ಹೊತ್ತು ಜೇಬು ತಡಕಿದ. “ನಂಗೂ ಕೇಳಿಸಲಿಲ್ಲ,” ಎಂದ.

೫

(ನಾಲ್ಕನೆಯದರಲ್ಲಿ ಅವಳು ಆಡಳಿತ ಮಂಡಳಿಯ ಮುಂದೆ ಭಾಷಣ ಮಾಡುತ್ತಿದ್ದಳು. ಚಪ್ಪಾಳೆ ಬೀಳುತ್ತಿತ್ತು. ಭಾಷಣವೆಲ್ಲ ನನ್ನದೇ ಎಂದು ಗೊತ್ತಾಗಿ ಕಿತ್ತುಹಾಕಿದೆ.)

ಅವಳು ಮಾಡಿದ್ದು ಇಷ್ಟು. ನೆಲಮಾಳಿಗೆಗೆ ಇಳಿದು ಆ ಫೈಲನ್ನು ಎರಡಾಗಿ ಕತ್ತರಿಸಿದಳು. ಮೊದಲ ತುಂಡು ಸುತ್ತಿನವರೆಗೆ ಬಂದು ಅಲ್ಲೇ ಸುತ್ತುತ್ತದೆ. ಎರಡನೆಯ ತುಂಡು ಏರಿಕೆಯಿಂದ ಶುರು. ನಡುವೆ ಯಾರಾದರೂ ಬಟನ್ ಒತ್ತಬೇಕು. ಹಾಗೆಯೇ ನಾಟಕಶಾಲೆಗೆ ಕಳಿಸಿದಳು. ಮೊದಲ ಪ್ರದರ್ಶನದ ದಿನ ಮಧ್ಯಾಹ್ನ, ರಂಗದ ಹಿಂದೆ ಕೂತು ಎಲ್ಲದಕ್ಕೂ ಸೂಚನೆ ಕೊಡುವ ಲೋರ್ನಾ ಫೋನ್ ಮಾಡಿದಳು.

“ಮಾರ್ಲಿಸ್, ಇದು ನಿಲ್ತಾನೇ ಇಲ್ಲ.”

“ನಿಲ್ಲಲ್ಲ.”

“ಲೈಟು?”

“ಅದೂ ಕಾಯುತ್ತೆ. ನೀನು ಒತ್ತಿದ ಮೇಲೇ ಎಲ್ಲಾ ಮುಂದಕ್ಕೆ. ಹೆಬ್ಬೆರಳು ನೋಡ್ಕೊಂಡು ಒತ್ತು.”

“ಡೆವಿನ್‌ಗೆ ಗೊತ್ತಾ?”

“ಇಲ್ಲ. ಹಳೇ ಫೈಲೂ ನಿನ್ನ ಹತ್ರಾನೇ ಇದೆ. ಯಾವುದು ಹಾಕ್ತೀಯೋ ಹಾಕು.”

ಲೋರ್ನಾ ಏನೋ ಅಗಿಯುತ್ತಿದ್ದಳು. ಅಗಿಯುವುದು ನಿಂತಿತು. “ನನ್ನ ತಲೆಗೆ ಕಟ್ಟಿದ್ಯಲ್ಲೇ,” ಎಂದು ಫೋನ್ ಇಟ್ಟಳು.

೬

ಹೊಸತನ್ನೇ ಹಾಕಿದಳು.

ಸಭೆ ತುಂಬಿದೆ. ಓರಿನ್ ನಿಂತಿದ್ದಾನೆ. ಪಿಟೀಲುಗಳು ಸುತ್ತುತ್ತಿವೆ. ಹನ್ನೊಂದು ಸೆಕೆಂಡು ಯಾವಾಗಲೋ ಕಳೆಯಿತು.

ಒಂದು ಮುಕ್ತಾಯ: ಹೆಬ್ಬೆರಳು ಬಿಡುತ್ತದೆ, ಹೆಸರು ಕೇಳಿಸುತ್ತದೆ, ಜನ ಎದ್ದು ನಿಲ್ಲುತ್ತಾರೆ, ಡೆವಿನ್ ಕ್ಷಮೆ ಕೇಳುತ್ತಾನೆ. ಛೀ, ಇದನ್ನು ಬರೆದ ಕೈ ತೊಳೆದುಕೊಂಡು ಬಂದೆ.

ಇನ್ನೊಂದು: ಓರಿನ್ ಮರೆತಿದ್ದಾನೆ. ಎಂಬತ್ತರ ತಲೆ. ಅಷ್ಟು ಸಲ ಹೇಳಿದ ಹೆಸರು ಇವತ್ತು ಜಾರಿದೆ. ಮಾರ್ಲಿಸ್ ಹೋರಾಡಿ ಕೊಡಿಸಿದ ಬಿಡುವಿನಲ್ಲಿ ಅವನು ಕಳೆದುಹೋಗಿದ್ದಾನೆ.

ಮೂರನೆಯ ಸಾಲಿನಲ್ಲಿ ಕೂತ ಮಾರ್ಲಿಸ್‌ಗೆ ಈ ಎರಡನೆಯದು ಈಗ ಹೊಳೆಯಿತು. ಮೌನವನ್ನು ನೋಡಿದರೆ ಗೊತ್ತಾಗುವುದಿಲ್ಲ, ಅದರೊಳಗೆ ತಮ್ಮನಿದ್ದಾನೋ ಬರೀ ಬಯಲಿದೆಯೋ. ಲೋರ್ನಾ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನೊಳಗೆ ಡೆವಿನ್ ಕೂಗುತ್ತಿದ್ದಾನೆ: “ಮರೆತಿದಾನೆ ಕಣ್ರೀ, ಒತ್ತಿ! ಮರ್ಯಾದೆ ಉಳಿಸಿ ಮುದುಕಂದು!” ಲೋರ್ನಾ ಬೆರಳು ಬಟನ್ನಿನ ಮೇಲಿದೆ. ಕಣ್ಣು ಹೆಬ್ಬೆರಳ ಮೇಲೆ.

ಡೆವಿನ್ ಈಗ ನನ್ನ ಕಡೆ ತಿರುಗಿದ. “ನೀವಾದ್ರೂ ಮುಗಿಸಿ ಸ್ವಾಮಿ. ಓದೋರು ಕಾಯ್ತಿದಾರೆ.”

ಕಾಯಲಿ! ನಿನಗೆ ವಿಡಿಯೋ ಅಳೆದು ಗೊತ್ತು. ನನಗೆ ಹಾಗೆ ಅಳೆಯಲು ಬರುವುದಿಲ್ಲ. ಅವನು ಮರೆತಿದ್ದಾನೋ ತಡೆದಿದ್ದಾನೋ ನನಗೆ ತಿಳಿಯದು. ತಿಳಿದಿದ್ದರೂ ಹೇಳುತ್ತಿರಲಿಲ್ಲ. ತಮ್ಮ ಅವನವನು, ಬಾಯಿ ಅವನದು. ಇಷ್ಟು ಹೊತ್ತಾದ ಮೇಲೆ ಹೆಸರು ಕಿತ್ತು ಅವನ ಬಾಯಿಗೆ ತುರುಕಲು ನಾನೂ ಯಾರು, ನೀವೂ ಯಾರು?

ಆತುರವಿದ್ದವರು ಎದ್ದು ಹೋಗಿ. ಬಾಗಿಲು ಮಾತ್ರ ಮೆಲ್ಲಗೆ ಹಾಕಿಕೊಳ್ಳಿ, ಮುದುಕ ಇನ್ನೂ ನಿಂತಿದ್ದಾನೆ.