ಬೆನ್ನಲ್ಲಿ ಹರಿದ ಅಂಗಿ

“ಊರಿಗೆಲ್ಲ ಕಾಲರ್ ಕೂರಿಸೋ ಮಹಾಶಯನ ಅಂಗಿ ನೋಡ್ರಪ್ಪಾ! ಯಾವಳ ಕೈಯಲ್ಲಿ ಹರಿಸ್ಕೊಂಡು ಬಂದ್ಯೋ, ಬೀದಿ ನಾಯಿ?”

ಇಸ್ತ್ರಿ ಮಾವ ಅಂಗಿಯನ್ನು ಬಾವುಟದ ಹಾಗೆ ಎತ್ತಿ ಹಿಡಿದಿದ್ದ. ಹೊಲಿಗೆ ಮೆಷಿನ್ನುಗಳು ನಿಂತವು. ಅಳತೆ ಕೊಡಲು ಎರಡೂ ಕೈ ಎತ್ತಿ ನಿಂತಿದ್ದ ಗಿರಾಕಿ ಅವನ್ನು ಇಳಿಸುವುದನ್ನೇ ಮರೆತ.

ಆ ಅಂಗಡಿಯಲ್ಲಿ ಹೊಲಿಯುವುದು ಅಂಗಿ ಮಾತ್ರ, ಒಬ್ಬೊಬ್ಬರಿಗೆ ಒಂದೊಂದು ಭಾಗ. ಐದನೇ ಕ್ಲಾಸಿಗೆ ಶಾಲೆಗೆ ಕೈಮುಗಿದು ಬಂದ ಈ ಹುಡುಗ ಒಂಬತ್ತು ವರ್ಷದಿಂದ ಕಾಲರನ್ನೇ ಹೊಲಿಯುತ್ತಿದ್ದ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಕಾಲರ್. ಹರಿದ ಅಂಗಿಯನ್ನು ಸಂಜೆ ಹೊಲಿದುಕೊಂಡರಾಯಿತು ಎಂದು ಚೀಲದಲ್ಲಿಟ್ಟು ತಂದಿದ್ದ. ಚೀಲಕ್ಕೆ ಕೈ ಹಾಕುವ ಮಾವ ಒಬ್ಬ ಇದ್ದಾನೆಂಬುದು ನೆನಪಿರಲಿಲ್ಲ.

“ನಿನ್ನೆ ಮಧ್ಯಾಹ್ನ ಅಂಗಡಿ ಪಕ್ಕದ ಮೆಟ್ಟಿಲು ಇಳಿದು ಓಡ್ತಾ ಇದ್ದ. ನನ್ನ ಕಣ್ಣಾರೆ ಕಂಡೆ,” ಎಂದ ಮಾವ.

“ಮೇಲೆ ಇರೋದೇ ಮೂರು ಬಾಗಿಲು,” ಎಂದಳು ಕಾಜಾ ಅಕ್ಕ. ಗುಂಡಿಯ ತೂತಿಗೆ ಕಾಜಾ ಹೊಲಿಯುವ ಅವಳ ಕೈ ನಿಂತಿತ್ತು, ಬಾಯಿ ಶುರುವಾಗಿತ್ತು. “ನರ್ಸಮ್ಮನದು ಒಂದು. ಮುದುಕರದು ಒಂದು. ಇನ್ನೊಂದು…”

ಅಂಗಡಿಯ ಯಜಮಾನರಾದ ಮಾಸ್ಟರ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ಇನ್ನೊಂದರಲ್ಲಿ ಇದ್ದವಳು ಮಾಸ್ಟರ ಹೆಂಡತಿಯ ತಂಗಿ. ಗಂಡ ಸತ್ತ ಮೇಲೆ ಅಕ್ಕ-ಭಾವನ ಆಸರೆಯಲ್ಲಿದ್ದು, ಅಂಗಡಿಯ ಅಂಗಿಗಳಿಗೆ ಗುಂಡಿ ಹಾಕಿಕೊಡುತ್ತಿದ್ದಳು.

ಮಾಸ್ಟರ್ ಕೊರಳಿನ ಟೇಪು ಸರಿಮಾಡಿಕೊಂಡು ಅಂಗಿಯನ್ನು ಕತ್ತರಿಸುವ ಮೇಜಿನ ಮೇಲೆ ಹರಡಿದರು. ಎದೆಯ ಕಡೆ ಒಂದು ಗುಂಡಿಯೂ ಹೋಗಿರಲಿಲ್ಲ. ಬೆನ್ನು ಮಾತ್ರ ಹೆಗಲ ಪಟ್ಟಿಯಿಂದ ಸೊಂಟದವರೆಗೆ ಸೀಳಿತ್ತು.

“ಪ್ರವಾದಿ ಯೂಸುಫ್ ನಬಿಯವರ ಅಂಗಿ ನೆನಪಿದ್ಯೇನೋ?” ಮಾಸ್ಟರ್ ದನಿ ಮೆತ್ತಗಾಯಿತು. “ಒಡೆಯನ ಹೆಂಡತಿ ಅವರನ್ನ ಬೆನ್ನಟ್ಟಿ ಹಿಡಿದು, ಆಮೇಲೆ ಅವರ ಮೇಲೇ ತಪ್ಪು ಹೊರಿಸಿದ್ಲಲ್ಲ. ಮುಂದೆ ಹರಿದಿದ್ರೆ ಅವಳು ಹೇಳಿದ್ದು ನಿಜ, ಹಿಂದೆ ಹರಿದಿದ್ರೆ ಅವರು ಹೇಳಿದ್ದು ನಿಜ. ನಿಂದು ಹಿಂದೆ ಹರಿದಿದೆ. ನಿನ್ನ ತಪ್ಪಿಲ್ಲ. ಯಾವ ಬಾಗಿಲು ಅಂತ ಹೇಳ್ಬಿಡು, ಅಂಥವಳು ಈ ಕಟ್ಟಡದಲ್ಲಿ ಒಂದು ದಿನಾನೂ ಇರಕೂಡದು. ಹೇಳಲ್ವಾ, ಮೆಷಿನ್ ಬಿಟ್ಟು ನಡಿ.”

ಕಾಲರ್‌ನ ಕಣ್ಣು ಆ ಸೀಳಿನ ಮೇಲೆ ನಿಂತಿತು. ಅಂಗಿ ಹೇಳಿದ್ದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ನಿನ್ನೆ ಗುಂಡಿ ಹಾಕಿದ ಅಂಗಿಗಳ ಕಟ್ಟು ತರಲು ಹೋದವನಿಗೆ ಬಾಗಿಲಲ್ಲೇ ಕಟ್ಟು ಸಿಕ್ಕಿತ್ತು. ಆದರೂ ನಿಂತಿದ್ದ. ನೀರು ಕೊಟ್ಟಳು, ಕುಡಿದ. ಲೋಟ ವಾಪಸು ಕೊಟ್ಟ ಮೇಲೂ ನಿಂತಿದ್ದ. ಅವಳು ಅತ್ತಳು, ಅವನು ಒಂದು ಹೆಜ್ಜೆ ಮುಂದೆ ಇಟ್ಟ. ಆಮೇಲೆ ತನಗೇ ಹೆದರಿ ತಿರುಗಿದ, ಅವಳ ಮುಷ್ಟಿಗೆ ಬೆನ್ನಿನ ಬಟ್ಟೆ ಸಿಕ್ಕಿತು. ಹರಿದದ್ದು ಎಲ್ಲಿ ಎಂದು ಬಟ್ಟೆ ಹೇಳುತ್ತದೆ. ಹರಿಯುವ ಮೊದಲು ಎಷ್ಟು ಹೊತ್ತು ನಿಂತಿದ್ದ ಎಂದು ಯಾವ ಬಟ್ಟೆ ಹೇಳುತ್ತದೆ?

“ನಾನೇನು ನಬಿ ಅಲ್ಲ ಮಾಸ್ಟರ್,” ಎಂದ. “ಓಡಿದೆ ನಿಜ. ಓಡೋಕೆ ಮುಂಚೆ ನಿಂತಿದ್ದೆ. ನನ್ನ ಆಸೆಗೇ ನಿಂತಿದ್ದೆ. ಅಲ್ಲಾಹ್ ತೋರಿಸಿದ ಗುರುತು ಕಾಣದೇ ಇದ್ದಿದ್ರೆ ನಬಿಯವರ ಮನಸ್ಸೂ ವಾಲ್ತಿತ್ತು ಅಂತ ಕುರಾನಿನ ಅದೇ ಸೂರಾದಲ್ಲಿ ಇದೆ. ನಮ್ಮಜ್ಜಿ ಓದಿ ಹೇಳಿದ್ದಾಳೆ. ನೀವು ಅಂಗಿ ಹತ್ರ ಮಾತ್ರ ನಿಲ್ಲಿಸ್ತೀರಾ?”

“ಅಬ್ಬಬ್ಬಾ, ಮೌಲವಿ ಸಾಹೇಬರು!” ಎಂದ ಇಸ್ತ್ರಿ ಮಾವ. “ಐದನೇ ಕ್ಲಾಸು!”

“ಹೌದು ಮಾವ, ಐದೇ. ನಾಲ್ಕರ ತನಕ ಎಣಿಸೋಕೆ ಅಷ್ಟು ಸಾಕು. ಹೆಣ್ಣಿನ ಮೇಲೆ ಆಪಾದನೆ ಹೊರಿಸೋಕೆ ನಾಲ್ಕು ಸಾಕ್ಷಿ ಬೇಕು ಅಂತ ಕುರಾನಲ್ಲಿದೆ. ಇಲ್ದೇ ಇದ್ರೆ ಹೊರಿಸಿದವನಿಗೇ ಎಂಬತ್ತು ಏಟು. ನೀನು ಒಬ್ಬ ನೋಡಿದ್ದೀಯ. ನೋಡಿದ್ದು ಏನು? ಮೆಟ್ಟಿಲು. ಬೆಳಗ್ಗೆಯಿಂದ ಸತ್ತ ಅಣ್ಣನ ಮಾಂಸ ತಿಂತಾ ಕೂತಿದ್ದೀರಿ, ಬೆನ್ನ ಹಿಂದೆ ಚಾಡಿ ಹೇಳೋದು ಅಂದ್ರೆ ಅದೇ ಅಂತ ಅದ್ರಲ್ಲೇ ಇದೆ. ರುಚಿ ಹೇಗಿದೆ ಅಕ್ಕಾ?”

ಕಾಜಾ ಅಕ್ಕ ತಲೆ ತಗ್ಗಿಸಿದಳು. ಇಸ್ತ್ರಿ ಮಾವ ಬಾಯಿ ತೆರೆದ. ಅವನಿಗಿಂತ ಮೊದಲು ಹೊಗೆ ಮಾತಾಡಿತು. ಕಾದ ಇಸ್ತ್ರಿ ಪೆಟ್ಟಿಗೆಯನ್ನು ಹೊಲಿದು ಮುಗಿದ ಬೇರೊಂದು ಅಂಗಿಯ ಮೇಲೇ ಬಿಟ್ಟು ಬಂದಿದ್ದ. ಬಿಳಿ ಬೆನ್ನಿನ ನಟ್ಟನಡುವೆ ಕಂದು ಬಣ್ಣದ ಅಚ್ಚು.

“ಅಯ್ಯೋ, ಅದು ನಾನು ಒಯ್ಯೋಕೆ ಬಂದ ಅಂಗಿ ಕಣ್ರೀ!” ಗಿರಾಕಿಯ ಕೈ ಈಗ ಇಳಿಯಿತು.

ಊರ ಹೆಂಗಸರು ಯೂಸುಫರ ಚೆಲುವು ನೋಡುತ್ತಾ ಮೈಮರೆತು ಹಣ್ಣಿನ ಬದಲು ತಮ್ಮ ಕೈಯನ್ನೇ ಕೊಯ್ದುಕೊಂಡರೆಂದು ಅಜ್ಜಿ ಹೇಳಿದಾಗ ಕಾಲರ್ ನಂಬಿರಲಿಲ್ಲ. ಈಗ ನಂಬಿದ. ನಗು ಬಂತು, ನಗಲಿಲ್ಲ. ಮೇಜಿನಿಂದ ತನ್ನ ಅಂಗಿ ತೆಗೆದು, ಹೊಸ ಅಂಗಿ ಮಡಚುವ ಹಾಗೆ ಕಾಲರ್ ಮೇಲೆ ಬರುವಂತೆ ಮಡಚಿ ಚೀಲಕ್ಕೆ ಹಾಕಿದ. ಒಂಬತ್ತು ವರ್ಷದ ಮೆಷಿನ್ನಿನ ಚಕ್ರದ ಮೇಲೆ ಒಮ್ಮೆ ಕೈಯಿಟ್ಟ.

ಮಾಸ್ಟರ್ ಬಾಗಿಲವರೆಗೂ ಬಂದರು. ಅವರ ಮುಖದಲ್ಲಿ ಈಗ ಕೋಪವಿರಲಿಲ್ಲ, ಭಯವಿತ್ತು. ಗುಟ್ಟಾಗಿ ಕೇಳಿದರು: “ಒಂದೇ ಒಂದು ಹೇಳೋ. ನಮ್ಮ ಬಾಗಿಲಾ?”

ಪಕ್ಕದ ಮೆಟ್ಟಿಲ ಮೇಲೆ ಯಾರೋ ಉಸಿರು ಬಿಗಿಹಿಡಿದು ನಿಂತ ಹಾಗಿತ್ತು. ಕಾಲರ್ ಆ ಕಡೆ ತಲೆ ಎತ್ತಲಿಲ್ಲ. ತಲೆ ಎತ್ತಿದರೆ ಅದೇ ಉತ್ತರವಾಗುತ್ತಿತ್ತು. ಚೀಲ ಹೆಗಲಿಗೇರಿಸಿ ಬೀದಿಗಿಳಿದು ನಡೆದ.