ಕಟ್ಟೆಯ ಒಂದೇ ಲೈನು

ರಂಜಿನಿಯ ಫೋನು ಬಂದಾಗ ಅಲಮೇಲು ಅಡುಗೆಮನೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಅಲಮೇಲು ಅವರೇ, ನಿಮ್ಮ ಆ ಹಳೇ ಕಂಪ್ಯೂಟರು ಇನ್ನೂ ಇದೆಯಾ? ಇವರು ಎರಡು ದಿನದಿಂದ ಕಟ್ಟೆ ಕಟ್ಟೆ ಅಂತಿದಾರೆ."

ಇವರು ಅಂದರೆ ರಂಜಿನಿಯ ಗಂಡ ಮನೋಹರ್. ಕಟ್ಟೆ ಅಂದರೆ ಅಲಮೇಲು ಒಂದು ಕಾಲದಲ್ಲಿ ಚಾಮರಾಜಪೇಟೆಯ ಇದೇ ಮನೆಯ ಮುಂದಿನ ಕೋಣೆಯಿಂದ ನಡೆಸುತ್ತಿದ್ದ ಬುಲೆಟಿನ್ ಬೋರ್ಡು. ಮನೆಮನೆಗೆ ಇಂಟರ್ನೆಟ್ ಬರುವ ಮುಂಚಿನ ಮಾತು. ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಅಲಮೇಲು ಕಂಪ್ಯೂಟರಿಗೆ ಮೋಡೆಮ್ ಜೋಡಿಸಿ, ಅದನ್ನು ಮನೆಯ ಟೆಲಿಫೋನಿಗೆ ಸಿಕ್ಕಿಸಿದ್ದಳು. ಊರಿನಲ್ಲಿ ಯಾರ ಹತ್ತಿರ ಕಂಪ್ಯೂಟರು, ಮೋಡೆಮ್ ಇದ್ದವೋ ಅವರು ಆ ನಂಬರಿಗೆ ಡಯಲ್ ಮಾಡಿದರೆ ಯಂತ್ರವೇ ಎತ್ತಿಕೊಳ್ಳುತ್ತಿತ್ತು. ಬೇರೆಯವರು ಬರೆದದ್ದನ್ನು ಓದಿ, ತಮ್ಮದೊಂದು ತರಲೆ ಸೇರಿಸಿ ಇಟ್ಟುಬಿಡುವುದು. ಬೇಕಾದರೆ ಅಲಮೇಲು ಈ ಕಡೆಯಿಂದ ಟೈಪ್ ಮಾಡಿ ಮಾತಿಗೂ ಇಳಿಯಬಹುದಿತ್ತು. ಇದ್ದದ್ದು ಒಂದೇ ಲೈನು, ಹಾಗಾಗಿ ಒಂದು ಹೊತ್ತಿಗೆ ಒಬ್ಬರೇ.

ಆ ಒಬ್ಬ ಬಹಳ ಸಲ ಮನೋಹರ್ ಆಗಿರುತ್ತಿದ್ದ. ಗಾಂಧಿನಗರದಲ್ಲಿ ಸಿನಿಮಾ ಹಂಚಿಕೆದಾರರೊಬ್ಬರ ಆಫೀಸಿನ ಗುಮಾಸ್ತ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತಿದ್ದ ಆ ದಿನಗಳಲ್ಲಿ ಅವನ ಚಟಾಕಿ ಓದಲೆಂದೇ ಜನ ಕಟ್ಟೆಗೆ ಬರುತ್ತಿದ್ದರು. ಬಸವನಗುಡಿಯ ಹೋಟೆಲೊಂದರಲ್ಲಿ ಎಲ್ಲರೂ ಮೊದಲ ಸಲ ಕಲೆತ ದಿನವೇ ಅವನಿಗೆ ಕಿವಿ ಕೇಳಿಸುವುದಿಲ್ಲ ಅಂತ ಗೊತ್ತಾದದ್ದು. ಹುಡುಗನಾಗಿದ್ದಾಗ ಬಂದ ಜ್ವರ ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಕಟ್ಟೆಯ ಮೇಲೆ ಅದು ಯಾರ ಲೆಕ್ಕಕ್ಕೂ ಬಂದಿರಲೇ ಇಲ್ಲ.

"ಈಗ ನಮ್ಮವರದೇ ವಾಟ್ಸಾಪ್ ಗ್ರೂಪ್ ಇದೆಯಲ್ಲ ರಂಜಿನಿ?"

"ಇದೆ. ಆದ್ರೆ ಎಲ್ರಿಗೂ ಟೈಪ್ ಮಾಡೋಕೆ ಸೋಮಾರಿತನ. ಬರೀ ವಾಯ್ಸ್ ಮೆಸೇಜು. ಅದರ ಕೆಳಗೆ ಸಾಲುಸಾಲಾಗಿ ನಗೋ ಮುಖಗಳು. ಯಾಕೆ ನಕ್ಕರು ಅಂತ ಇವರಿಗೆ ತಿಳಿಯಲ್ಲ. ನಾನು ಕೇಳಿಸಿಕೊಂಡು ಬರೆದು ತೋರಿಸೋ ಹೊತ್ತಿಗೆ ಜೋಕು ಹಳಸಿರುತ್ತೆ. ಮೊನ್ನೆ ಗ್ರೂಪ್ ಬಿಟ್ಟೇಬಿಟ್ರು."

ಅಲಮೇಲು ಹುಣಸೆಹಣ್ಣಿನ ತಟ್ಟೆ ಪಕ್ಕಕ್ಕೆ ಸರಿಸಿದಳು. "ಭಾನುವಾರ ಸಾಯಂಕಾಲ ಐದಕ್ಕೆ ಕಟ್ಟೆ ತೆಗೆದಿರುತ್ತೆ ಅಂತ ಹೇಳಿ" ಅಂದುಬಿಟ್ಟಳು.

ಗಂಡ ಶ್ರೀಹರಿ ಪೇಪರಿನಿಂದ ತಲೆಯೆತ್ತಿದ. "ಅಟ್ಟದ ಮೇಲಿರೋದು ಆನ್ ಆಗುತ್ತೋ ಇಲ್ವೋ ಅಂತ ನೋಡದೇನೇ ಮುಹೂರ್ತ ಇಟ್ಬಿಟ್ಟೆಯಲ್ಲೇ!"

"ಆನ್ ಮಾಡ್ತೀನಿ. ನೀವು ಏಣಿ ಹಿಡ್ಕೊಳ್ಳಿ ಸಾಕು."

ಯಂತ್ರ ಆನ್ ಆಯಿತು. ಧೂಳು ಒರೆಸಿ, ಒಳಗಿನ ಒಂದೆರಡು ಬಿಡಿಭಾಗ ಬದಲಾಯಿಸಿದ ಮೇಲೆ ಕಪ್ಪು ಪರದೆಯಲ್ಲಿ ಹಸಿರು ಅಕ್ಷರ ಮೂಡಿ, ಕಟ್ಟೆಯ ಪ್ರೋಗ್ರಾಮು ಏನೂ ಆಗಿಲ್ಲವೆಂಬಂತೆ ಕರೆಗೆ ಕಾಯುತ್ತ ಕೂತಿತು. ಮನೆಯ ಟೆಲಿಫೋನು ಲೈನು ಎಂದೋ ಹೋಗಿತ್ತು. ಅದರ ಬದಲು ಅಲಮೇಲು ಬೆಂಕಿಪೊಟ್ಟಣದಷ್ಟು ದೊಡ್ಡ ವೈಫೈ ಡಬ್ಬಿಯೊಂದನ್ನು ತರಿಸಿದಳು. ಆ ಡಬ್ಬಿ ಹಳೇ ಕಂಪ್ಯೂಟರಿಗೆ ತಾನೇ ಮೋಡೆಮ್ಮು ಅಂತ ನಂಬಿಸುತ್ತದೆ. ಇಂಟರ್ನೆಟ್ಟಿನಲ್ಲಿ ಬಂದವರನ್ನು ಫೋನು ಮಾಡಿದವರೆಂದು ಹೇಳಿ ಒಳಗೆ ಬಿಡುತ್ತದೆ. ಡಯಲ್ ಮಾಡುವ ನಂಬರಿನ ಬದಲು ಅದರ ಇಂಟರ್ನೆಟ್ ವಿಳಾಸವನ್ನು ರಂಜಿನಿಗೆ ಕಳಿಸಿದಳು. ಡಬ್ಬಿ, ಕಂಪ್ಯೂಟರು ಎರಡರ ನಡುವೆ ಒಂದು ಸೀರಿಯಲ್ ಕೇಬಲ್ ಬೇಕು. ಅದನ್ನು ಮಾಮೂಲ್‌ಪೇಟೆಯಲ್ಲಿ ಕೊಂಡು ತಂದಳು.

ಮೊದಲು ಪರದೆಯ ತುಂಬ ಚೌಕ, ಬಾಣ, ಇಸ್ಪೀಟಿನ ಗುರುತು ಸುರಿದವು. ಅಲಮೇಲು ನಕ್ಕಳು. ಇದು ಹಳೇ ಪರಿಚಯ: ಒಬ್ಬರು ವೇಗವಾಗಿ ಮಾತಾಡಿ, ಇನ್ನೊಬ್ಬರು ನಿಧಾನವಾಗಿ ಕೇಳಿದರೆ ಹೀಗೇ ಆಗುವುದು. ಎರಡೂ ಕಡೆ ಒಂದೇ ವೇಗ ಇಟ್ಟಳು. ಡಬ್ಬಿ 'ಓಕೆ' ಅಂತ ಸ್ವಚ್ಛವಾಗಿ ಉತ್ತರ ಕೊಟ್ಟಿತು.

"ರೀ, ಲ್ಯಾಪ್‌ಟಾಪಿಂದ ಕರೆ ಮಾಡಿ ನೋಡಿ."

ಶ್ರೀಹರಿ ಊಟದ ಮೇಜಿನಿಂದ ಕರೆ ಮಾಡಿದ. ಕಟ್ಟೆ ಎತ್ತಿಕೊಂಡಿತು. 'ಬನ್ನಿ' ಎನ್ನುವುದಕ್ಕೂ ಮುಂಚೆ ಇಟ್ಟುಬಿಟ್ಟಿತು.

"ಬಾಗಿಲು ತೆಗೀತು, ಮುಖದ ಮೇಲೇ ಹಾಕ್ತು ಕಣೇ."

ಇನ್ನೊಂದು ಸಲ. ಮತ್ತೊಂದು ಸಲ. ಪ್ರತಿ ಸಲವೂ ಅದೇ ಅವಮರ್ಯಾದೆ. ಅಲಮೇಲು ಡಬ್ಬಿಯ ಸೆಟ್ಟಿಂಗು ತಿರುಗಿಸಿದಳು, ಪ್ರೋಗ್ರಾಮನ್ನು ಅನುಮಾನಿಸಿದಳು, ವೈಫೈಗೆ ಶಾಪ ಹಾಕಿದಳು. ಶುಕ್ರವಾರ ಹೋಯಿತು. ಶನಿವಾರ ಬೆಳಗ್ಗೆ ಅನ್ನ ತಳ ಹಿಡಿಯಿತು.

ಆ ತಳ ಹಿಡಿದ ಪಾತ್ರೆ ತಿಕ್ಕುತ್ತಿದ್ದಾಗಲೇ ಅವಳಿಗೆ ಹೊಳೆದದ್ದು. ತಾನು ಖುದ್ದಾಗಿ ಟೈಪ್ ಮಾಡಿ ಪರೀಕ್ಷಿಸಿದಾಗ ಅಕ್ಷರ ಸರಾಗವಾಗಿ ಹೋಗಿ ಬರುತ್ತವೆ. ಕಟ್ಟೆಯ ಪ್ರೋಗ್ರಾಮು ಮಾತ್ರ ಇಟ್ಟುಬಿಡುತ್ತದೆ. ವ್ಯತ್ಯಾಸ ಏನು? ಆ ಕಡೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ಕಟ್ಟೆ ಸದಾ ನೋಡುತ್ತಿರುತ್ತದೆ. ಕರೆ ಮಾಡಿದವರು ಹೋದ ತಕ್ಷಣ ಲೈನು ಬಿಡಬೇಕಲ್ಲ! ಅದನ್ನು ಅದಕ್ಕೆ ತಿಳಿಸುವುದಕ್ಕೆಂದೇ ಬೇರೆ ತಂತಿಯೊಂದಿದೆ.

ಕೈ ಒರೆಸಿಕೊಳ್ಳದೇ ಓಡಿ ಬಂದು ಕೇಬಲ್ ಬಿಚ್ಚಿ ಮಲ್ಟಿಮೀಟರ್ ಹಿಡಿದಳು. ಮೀಟರಿನ ಒಂದು ಕಡ್ಡಿ ಈ ತುದಿಗೆ, ಇನ್ನೊಂದು ಆ ತುದಿಗೆ. ತಂತಿ ಇದ್ದಲ್ಲಿ ಮೀಟರು ಕೀಂ ಅನ್ನಬೇಕು. ಕಳಿಸುವ ತಂತಿ ಕೀಂ ಅಂದಿತು. ಕೇಳಿಸಿಕೊಳ್ಳುವ ತಂತಿ ಕೀಂ. ಅರ್ಥಿಂಗ್ ಕೀಂ. ಮಿಕ್ಕ ಪಿನ್ನುಗಳೆಲ್ಲ ಮೌನ. ಹೊರಗೆ ನೋಡಲು ಒಂಬತ್ತು ಪಿನ್ನು, ಒಳಗೆ ಮೂರೇ ತಂತಿ!

"ಸಿಕ್ತು!" ಅಂತ ಅವಳು ಕೂಗಿದ ಕೂಗಿಗೆ ಶ್ರೀಹರಿ ಕಾಫಿ ಚೆಲ್ಲಿಕೊಂಡ. "ಕರೆ ಬಂದಿದೆ ಅಂತ ಡಬ್ಬಿ ಹೇಳ್ತಿದೆ, ಆದ್ರೆ ಒಂದನೇ ಪಿನ್ನಿನ ತಂತೀನೇ ಇಲ್ಲ ಕಣ್ರೀ. ಯಾರೂ ಇಲ್ಲ ಅಂದ್ಕೊಂಡು ಇದು ಇಟ್ಟುಬಿಡ್ತಿದೆ!"

ಮತ್ತೆ ಮಾಮೂಲ್‌ಪೇಟೆಗೆ ಹೋಗಿ ಬಿಡಿ ಕನೆಕ್ಟರು, ತಂತಿ ತಂದು, ಲ್ಯಾಬಿನ ಕಾಲದ ಬೆಸುಗೆ ಕಡ್ಡಿ ಕಾಯಿಸಿ, ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅಷ್ಟೂ ತಂತಿಯ ಕೇಬಲ್ಲನ್ನು ತಾನೇ ಕಟ್ಟಿದಳು. ಯಾರಾದರೂ ಲೈನಿನಲ್ಲಿ ಇರುವಷ್ಟು ಹೊತ್ತು ಮಾತ್ರ ಆ ತಂತಿಯಲ್ಲಿ ಸೂಚನೆ ಕೊಡು ಎಂದು ಡಬ್ಬಿಗೂ ಆಜ್ಞೆ ಕೊಟ್ಟಳು. ಶ್ರೀಹರಿ ಕರೆ ಮಾಡಿದ.

ಏನೂ ಆಗಲಿಲ್ಲ. ಈ ಸಲ ಎತ್ತಿಕೊಳ್ಳಲೂ ಇಲ್ಲ.

ಗಡಿಯಾರ ನಾಲ್ಕೂವರೆ ದಾಟಿತ್ತು. "ರಂಜಿನಿಗೆ ಫೋನ್ ಮಾಡಿ ಮುಂದಿನ ವಾರ ಅನ್ಲಾ?" ಅಂದ ಶ್ರೀಹರಿ, ಮೆಲ್ಲಗೆ.

"ಬೇಡ. ಭೂತಕನ್ನಡಿ ಕೊಡಿ."

ಕನೆಕ್ಟರಿನ ಪ್ಲಾಸ್ಟಿಕ್ಕಿನಲ್ಲಿ ಅಚ್ಚಾಗಿದ್ದ ಸಾಸಿವೆಯಷ್ಟು ಸಣ್ಣ ಅಂಕಿಗಳನ್ನು ಅವಳು ಒಂದೊಂದಾಗಿ ಓದಿದಳು. ಒಂದು ತುದಿ ಸರಿಯಾಗಿತ್ತು. ಇನ್ನೊಂದನ್ನು ಹಿಂದಿನಿಂದ ಬೆಸೆಯುವಾಗ ಎಡಬಲ ತಿರುವುಮುರುವಾಗಿತ್ತು. ಒಂದು ಇರಬೇಕಾದಲ್ಲಿ ಐದು, ಐದು ಇರಬೇಕಾದಲ್ಲಿ ಒಂದು. ಲ್ಯಾಬಿನಲ್ಲಿ ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಮಾಡಬೇಡಿ ಎನ್ನುತ್ತಿದ್ದ ತಪ್ಪು! ಬೈದುಕೊಳ್ಳಲು ಪುರುಸೊತ್ತಿರಲಿಲ್ಲ. ಶ್ರೀಹರಿ ಟಾರ್ಚು ಹಿಡಿದ. ಅವಳು ಹಲ್ಲು ಕಚ್ಚಿಕೊಂಡು ಒಂದೊಂದೇ ತಂತಿ ಬಿಡಿಸಿ ಮತ್ತೆ ಬೆಸೆದಳು. ಬೆರಳಿಗೆ ಬಿಸಿ ತಾಗಿದ್ದೂ ಗೊತ್ತಾಗಲಿಲ್ಲ.

ಪರೀಕ್ಷೆ ಮಾಡಲು ಸಮಯ ಉಳಿದಿರಲಿಲ್ಲ. ಅವಳು ಕೇಬಲ್ ಸಿಕ್ಕಿಸಿ ಕೈ ತೆಗೆಯುವಷ್ಟರಲ್ಲಿ ಡಬ್ಬಿಯ ಕೆಂಪು ದೀಪ ಮಿನುಗಿತು. ಪರದೆಯಲ್ಲಿ 'ಕರೆ ಬರುತ್ತಿದೆ' ಎಂಬ ಸಾಲು. ಕಟ್ಟೆ ಎತ್ತಿಕೊಂಡಿತು.

ಇಡಲಿಲ್ಲ.

ಹೆಸರು ಎಂದು ಕಟ್ಟೆ ಕೇಳಿತು. ಆ ಕಡೆಯಿಂದ ಒಂದೊಂದೇ ಅಕ್ಷರ, ಅದೇ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಮೂಡತೊಡಗಿತು. ಮನೋಹರ್. ಅವಳು ಕೀಲಿ ಒತ್ತಿ ಮಾತಿಗೆ ಇಳಿದಳು.

'ಬನ್ನಿ ಮನೋಹರ್. ಕೂತ್ಕೊಳ್ಳಿ.'

ಮನೋಹರ್ ಏನೋ ಬರೆದ, ಅಳಿಸಿದ, ಮತ್ತೆ ಬರೆದ. ಅಳಿಸುವುದೂ ಇಲ್ಲಿ ಕಾಣುತ್ತಿತ್ತು.

'ಅಲಮೇಲು ಅವರೇ, ಈ ಗ್ರೂಪಿನ ಮೂದೇವಿಗಳು ನಗ್ತಾನೇ ಇದಾರೆ. ನಾನೂ ನಗಬೇಕು. ಮೊದಲು ಆ ಜೋಕುಗಳನ್ನೆಲ್ಲ ಟೈಪ್ ಮಾಡಿ ಅಂತ ಆಜ್ಞೆ ಹೊರಡಿಸಿ.'

ಆಮೇಲೆ ಅವನ ಕೈ ನಿಲ್ಲಲಿಲ್ಲ. ಹಳೇ ಆಫೀಸಿನ ಕತೆ, ತನ್ನ ಹೊಸ ಹಲ್ಲಿನ ಸೆಟ್ಟಿನ ಕತೆ, ಒಂದರ ಬಾಲ ಹಿಡಿದು ಇನ್ನೊಂದು. ಅಲಮೇಲು ನಗುತ್ತ ಉತ್ತರ ಕುಟ್ಟಿದಳು. ಅಷ್ಟರಲ್ಲಿ ರಂಜಿನಿಯ ಫೋನು ಬಂತು. "ಕೇಳಿಸ್ತಿದೆಯಾ?" ಅಂದಳು. ಹಿಂದೆ ಮನೋಹರ್ ಗಟ್ಟಿಯಾಗಿ, ಮನೆ ತುಂಬುವಂತೆ ನಗುತ್ತಿದ್ದ. ಅಲಮೇಲು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದು, ಒದ್ದೆಯಾದ ಕಣ್ಣನ್ನು ಮೊಣಕೈಯಿಂದ ಒರೆಸಿಕೊಂಡು ಟೈಪ್ ಮಾಡುತ್ತಲೇ ಇದ್ದಳು.

ಶ್ರೀಹರಿಯ ಮೊಬೈಲು ಟಿಣ್ ಟಿಣ್ ಅನ್ನುತ್ತಿತ್ತು. ಅವನು ಹಾಕಿದ ಸುದ್ದಿ, ವಿಳಾಸ ಗ್ರೂಪಿಗೆ ಮುಟ್ಟಿ ಹಳಬರೆಲ್ಲ ಕರೆ ಮಾಡಲು ಹತ್ತಿದ್ದರು. ಲೈನು ಬ್ಯುಸಿ. ಮಲ್ಲೇಶ್ವರದ ಚಕ್ರಪಾಣಿ ಬೈಯುತ್ತಿದ್ದಾನೆ, ಯಾರೋ ಮೈಸೂರಿನಿಂದ ಗೋಗರೆಯುತ್ತಿದ್ದಾರೆ. ವಿಚಿತ್ರವೆಂದರೆ, ಎಲ್ಲರೂ ಟೈಪ್ ಮಾಡಿಯೇ.

"ಮನೋಹರ ಯಾವಾಗ ಬಿಡ್ತಾನೆ ಅಂತ ಕೇಳ್ತಿದಾರೆ. ಏನು ಹೇಳ್ಲಿ?" ಅಂದ ಶ್ರೀಹರಿ.

ಅಲಮೇಲು ಪರದೆಯಿಂದ ಕಣ್ಣು ಕೀಳಲಿಲ್ಲ.

"ಕಾಯ್ಲಿ ಅನ್ನಿ."