ಟೇಪು ರುಸ್ತಾಕಿನಲ್ಲಿ, ಬೀಜ ನೀರಿನಲ್ಲಿ

ಕೊಲ್ಲಿನಾಡಿನ ಅಲ್ ಗುಬ್ರಾದಲ್ಲಿ ಅಕ್ಟೋಬರ್ ಬಂತೆಂದರೆ ನಮ್ಮ ಕರಾವಳಿಯವರ ಕೈ ಸುಮ್ಮನಿರುವುದಿಲ್ಲ. ಬಿಸಿಲು ಸ್ವಲ್ಪ ಮೆತ್ತಗಾಗುತ್ತದೆ. ಊರಿಂದ ತಂದ ಬೀಜದ ಪೊಟ್ಟಣಗಳು ಫ್ರಿಜ್ಜಿನ ಬಾಗಿಲಿನಿಂದ ಹೊರಬರುತ್ತವೆ. ನೆಲಮಹಡಿಯ ಫ್ಲ್ಯಾಟಿನವರು ಹಿತ್ತಿಲಿನ ಮರಳನ್ನು ಕೆದಕತೊಡಗುತ್ತಾರೆ. ಡಿಸೆಂಬರಿನಲ್ಲಿ ಹೋಗಿ ನೋಡಿದರೆ ಹೆಚ್ಚಿನವರ ಹಿತ್ತಿಲಲ್ಲಿ ಉಳಿದಿರುವುದು ಆ ಮರಳು ಮತ್ತು ನೆರಳಿಗೆ ಕಟ್ಟಿದ ಹಳೆ ಸೀರೆ. ಕೇಳಿದರೆ, "ಇಲ್ಲಿಯ ಮಣ್ಣೇ ಸರಿಯಿಲ್ಲ ಮಾರ್ರೆ" ಎಂಬ ಉತ್ತರ. ಮಣ್ಣಿಗೆ ಮಾತು ಬಾರದ ಕಾರಣ ಈ ಆರೋಪ ವರ್ಷವರ್ಷವೂ ಹಾಗೆಯೇ ನಿಂತಿದೆ.

ಎಂಬತ್ತೇಳನೇ ಇಸವಿಯಲ್ಲಿ ಅಂಥದೇ ಒಂದು ನೆಲಮಹಡಿಯ ಫ್ಲ್ಯಾಟಿನ ವಸಂತಿಯ ಬಳಿ ಇದ್ದದ್ದು ಬಂಟ್ವಾಳದ ತಾಯಿಮನೆಯ ಊರಬೆಂಡೆಯ ಬೀಜ. ಬಿಳಿಚು ಮೈಯ, ಗೇಣುದ್ದದ, ಸಾಂಬಾರಿಗೆ ಬಿದ್ದರೆ ಬೆಣ್ಣೆಯಾಗುವ ಬೆಂಡೆ. ಅವಳ ತಮ್ಮ ಕಾರು ನಿಲ್ಲಿಸಲು ಹಿತ್ತಿಲಲ್ಲಿ ಶೆಡ್ಡು ಹಾಕಿಸಿದಾಗ ಅಮ್ಮನ ಬೆಂಡೆಸಾಲು ಸಿಮೆಂಟಿನ ಅಡಿಗೆ ಹೋಯಿತು. ಅಮ್ಮನ ಡಬ್ಬಿಯಲ್ಲಿ ಉಳಿದ ಬೀಜವೆಲ್ಲ ಗುಬ್ರಾಕ್ಕೆ ಬಂತು. ಅದರಲ್ಲಿ ಅರ್ಧ ಹಿಂದಿನ ವರ್ಷವೇ ಮಣ್ಣುಪಾಲಾಗಿತ್ತು. ಉಳಿದದ್ದು ಒಂದು ಹಿಡಿ. ಅದೂ ಹೋದರೆ ಅಮ್ಮನ ಬೆಂಡೆ ಊರಲ್ಲೂ ಇಲ್ಲ, ಇಲ್ಲಿಯೂ ಇಲ್ಲ.

ಅವಳ ಗಂಡ ಸಂಕಪ್ಪ ಕಟ್ಟಡದ ಕಂಪೆನಿಯೊಂದರಲ್ಲಿ ಸೈಟ್ ಸೂಪರ್‌ವೈಸರ್. ಬೆಲ್ಟಿಗೆ ಸಿಕ್ಕಿಸಿದ ಸ್ಟೀಲ್ ಟೇಪು ಸ್ನಾನದ ಹೊತ್ತಿಗೆ ಮಾತ್ರ ಸೊಂಟ ಬಿಟ್ಟಿಳಿಯುತ್ತಿತ್ತು. ಹಿಂದಿನ ವರ್ಷ ಅದೇ ಟೇಪಿನಲ್ಲಿ ಅಳೆದು, ಊರಿನ ಹಾಗೆಯೇ ಮಣ್ಣು ಏರಿಸಿ ಸಾಲು ಮಾಡಿದ್ದ. ಊರಿನಲ್ಲಿ ಏರಿ ಮಾಡುವುದು ಮಳೆನೀರು ಬುಡದಲ್ಲಿ ನಿಲ್ಲಬಾರದೆಂದು. ಗುಬ್ರಾದಲ್ಲಿ ಮಳೆ ಯಾವಾಗಲೋ ಒಮ್ಮೆ ಮುಖ ತೋರಿಸಿ ಹೋದರೆ ದೊಡ್ಡದು. ಏರಿಯ ಉದ್ದ, ಅಗಲ, ಎತ್ತರದಲ್ಲಿ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ. ಹೊಯ್ದ ನೀರು ಎರಡೂ ಬದಿಗೆ ಸಮನಾಗಿ ಜಾರಿಹೋಯಿತು.

ಈ ಸಲ ಅವನಿಗೆ ದೂರದ ರುಸ್ತಾಕಿನ ಸೈಟಿನಲ್ಲಿ ಕೆಲಸ. "ನಾನು ಬರುವವರೆಗೆ ಬೀಜ ಮುಟ್ಟಬೇಡ. ಅಂದಾಜಿನಲ್ಲಿ ಹಾಕಿದರೆ ಪುನಃ ಅದೇ ಕಥೆ" ಎಂದು ಹೇಳಿ ಹೋಗಿದ್ದ. ಶುಕ್ರವಾರದ ವಾರದ ರಜೆಗೆಂದು ಒಂದು ಗುರುವಾರ ಸಂಜೆ ಕಂಪೆನಿಯ ಪಿಕಪ್ಪಿನಲ್ಲಿ ಬಂದಿಳಿದ. ಅವನು ಬರುವ ಸುದ್ದಿ ತಿಳಿದು ವಸಂತಿ ಬೀಜವನ್ನೆಲ್ಲ ಸ್ಟೀಲಿನ ಲೋಟದಲ್ಲಿ ನೆನೆಹಾಕಿದ್ದಳು. ಶುಕ್ರವಾರ ಬೆಳಿಗ್ಗೆ ಹಾರೆ ಹಿಡಿದು ಹಿತ್ತಿಲಿಗೆ ಇಳಿದ ಸಂಕಪ್ಪ ಸೊಂಟ ಮುಟ್ಟಿ ನೋಡಿಕೊಂಡ. ಇನ್ನೊಂದು ಬದಿಯನ್ನೂ ಮುಟ್ಟಿದ.

"ಟೇಪು ರುಸ್ತಾಕಿನಲ್ಲಿ ಉಳಿಯಿತು."

"ಬೀಜ ನೀರಿನಲ್ಲುಂಟು" ಎಂದಳು ವಸಂತಿ.

"ತೆಗೆದು ಒಣಗಿಸು. ಮುಂದಿನ ಸಲ ಬರುವಾಗ ಹಾಕುವ."

"ಒಣಗಿಸಲಿಕ್ಕೆ ಅದೆಂತ ಬನಿಯನಾ? ಬೀಜ ಬಾಯಿ ಬಿಟ್ಟಾಗಿದೆ. ಇವತ್ತು ಮಣ್ಣಿಗೆ ಹೋಗದಿದ್ದರೆ ಕೊಳೀತದೆ."

"ಅಂಗಡಿಯಿಂದ ಒಂದು ಟೇಪು ತರುವ ಹಾಗಾದರೆ."

"ಶುಕ್ರವಾರ ಬೆಳಿಗ್ಗೆ ಯಾವ ಅಂಗಡಿ ನಿಮಗೋಸ್ಕರ ಬಾಗಿಲು ತೆಗೀತದೆ? ಅಮ್ಮ ಗೇಣಿನಲ್ಲೇ ಅಳೆದು ಹಾಕ್ತಿದ್ದದ್ದು. ಸಾಲಿಂದ ಸಾಲಿಗೆ ಮೂರು ಗೇಣು. ಹಾಗೇ ಮಾಡುವ."

ಸಂಕಪ್ಪನಿಗೆ ಸಮಾಧಾನವಿಲ್ಲ. ಆದರೆ ಲೋಟದೊಳಗಿನ ಬೀಜ ನೋಡಿದರೆ ವಾದಕ್ಕೆ ಹೊತ್ತೂ ಇಲ್ಲ. ಬೇಗ ಮುಗಿಯಲೆಂದು ಅವನು ಗೋಡೆಯ ಕಡೆಯಿಂದ, ಅವಳು ನಲ್ಲಿಯ ಕಡೆಯಿಂದ ಗೇಣು ಹಾಕಿ ಗೆರೆ ಎಳೆಯುತ್ತ ಬಂದರು. ನಡುವೆ ಸೇರಿದಾಗ ಅವನ ಕೊನೆಯ ಗೆರೆ, ಅವಳ ಕೊನೆಯ ಗೆರೆ ಒಂದರ ಪಕ್ಕ ಒಂದು ಅಂಟಿಕೊಂಡು ಕೂತಿದ್ದವು. ನಡುವೆ ಬೆಂಡೆಗಿರಲಿ, ಕೊತ್ತಂಬರಿಗೂ ಜಾಗವಿರಲಿಲ್ಲ.

"ನಾನು ಸರಿಯಾಗಿ ಮೂರು ಗೇಣು ಬಿಟ್ಟದ್ದು."

"ನಾನೆಂತ ಎರಡೂವರೆ ಬಿಟ್ಟದ್ದಾ?"

ಈ ಹೊತ್ತಿಗೆ ಪಕ್ಕದ ಫ್ಲ್ಯಾಟಿನ ಒಲಿಂಡಾ ರೂವಿಯ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದಿದ್ದಳು. ಶಿರ್ವದವಳು, ಕ್ಲಿನಿಕ್ಕಿನಲ್ಲಿ ನರ್ಸು. ಅವಳ ಹಿತ್ತಿಲಿನ ಬಸಳೆಯನ್ನು ಇಡೀ ಕಟ್ಟಡವೇ ತಿನ್ನುತ್ತಿತ್ತು. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಮೋಟುಗೋಡೆಯಾಚೆಯಿಂದ ಇಣುಕಿದಳು.

"ಎಂತ ಸಂಕಪ್ಪಣ್ಣ, ಎರಡು ದೇಶ ಮುಟ್ಟುವ ಬುರೈಮಿಯಲ್ಲಿ ಕೂಡ ಗಡಿಗೆ ಇಷ್ಟು ಗೆರೆ ಇಲ್ಲ."

"ನೀವೇ ನೋಡಿ ಸಿಸ್ಟರ್. ನನ್ನದೂ ಮೂರು ಗೇಣು, ಇವಳದ್ದೂ ಮೂರು ಗೇಣು. ಇದು ಗೇಣಿನ ಯೋಗ್ಯತೆ. ಟೇಪಾದರೆ ಹೀಗೆ ಆಗ್ತಿತ್ತಾ?"

"ಟೇಪು ಎಲ್ಲುಂಟು?"

ಸಂಕಪ್ಪನ ಕೈ ಮತ್ತೆ ಸೊಂಟಕ್ಕೆ ಹೋಯಿತು. "ರುಸ್ತಾಕಿನಲ್ಲಿ" ಎಂದು ವಸಂತಿ ಸಹಾಯ ಮಾಡಿದಳು.

"ಕೈಯನ್ನು ಯಾರೂ ರುಸ್ತಾಕಿನಲ್ಲಿ ಮರೆತು ಬರುವುದಿಲ್ಲ ಅಲ್ವಾ" ಎಂದಳು ಒಲಿಂಡಾ. "ಗೇಣಿನದ್ದು ತಪ್ಪಿಲ್ಲ ಅಣ್ಣ. ಒಂದು ಜಾಗಕ್ಕೆ ಇಬ್ಬರ ಕೈ ಹಾಕಿದ್ದು ತಪ್ಪು. ಯಾರ ಗೇಣು ಎಷ್ಟುದ್ದ ಅಂತ ಗೊತ್ತುಂಟಾ ನಿಮಗೆ?"

"ಅದನ್ನು ಅಳೆಯಲಿಕ್ಕೂ ಟೇಪೇ ಬೇಕಲ್ಲ" ಎಂದ ಸಂಕಪ್ಪ. ಬೆಳಗಿನಿಂದ ಮೊದಲ ಸಲ ಅವನ ಮುಖ ಅರಳಿತು.

"ನಿಮ್ಮ ಅಡಿಗೆಮನೆಯ ಟೈಲ್ಸ್ ಎಷ್ಟರದ್ದು?"

"ಮೂವತ್ತಕ್ಕೆ ಮೂವತ್ತು. ಸೆಂಟಿಮೀಟರ್." ಕೇಳಿದ್ದಕ್ಕೆ ಥಟ್ಟನೆ ಹೇಳುವುದು ಸೈಟಿನ ಅಭ್ಯಾಸ. ಹೇಳಿ ಮುಗಿಯುವಾಗಲೇ ತಾನು ಸಿಕ್ಕಿಬಿದ್ದೆನೆಂದು ಅವನಿಗೆ ಗೊತ್ತಾಯಿತು.

ಮೂವರೂ ಅಡಿಗೆಮನೆಗೆ ಬಂದರು. ವಸಂತಿ ಕುಕ್ಕರುಗಾಲಲ್ಲಿ ಕೂತು ಟೈಲ್ಸಿನ ಮೇಲೆ ಹೆಬ್ಬೆರಳಿನಿಂದ ಕಿರುಬೆರಳಿಗೆ ಕೈ ಅಗಲಿಸಿ ಗೇಣು ಹಾಕಿದಳು. ಒಂದು, ಎರಡು, ಮೂರು. ಮೂರನೆಯದು ಎರಡು ಟೈಲ್ಸ್ ಮುಗಿಯುವ ಸಂದಿಗೆ ಬಂದು ನಿಂತಿತು. ಸಂಕಪ್ಪನ ಮೂರು ಗೇಣು ಆ ಸಂದಿ ದಾಟಿ ಅಂಗೈಯಷ್ಟು ಮುಂದೆ ಹೋಯಿತು. ಮತ್ತೊಮ್ಮೆ ಹಾಕಿ ನೋಡಿದ. ಮತ್ತೆಯೂ ಅಷ್ಟೇ. ಆಮೇಲೆ ಯಾರೂ ಹೇಳದಿದ್ದರೂ ಚಪ್ಪಲಿ ಬಿಟ್ಟು ಪಾದ ಇಟ್ಟ. ಟೈಲ್ಸಿಗಿಂತ ಎರಡು ಬೆರಳು ಕಡಿಮೆ. ನೆಲಕ್ಕೆ ಮೊಣಕೈ ಊರಿ ಮೊಳವನ್ನೂ ಅಳೆದ. ಐದು ನಿಮಿಷದಲ್ಲಿ ಅವನು ಗ್ಯಾಸ್ ಸಿಲಿಂಡರಿನ ಬುಡದವರೆಗೆ ತೆವಳಿಕೊಂಡು ಹೋಗಿದ್ದ.

"ಏಳಿ ಮಾರ್ರೆ, ಬೀಜ ಕಾಯ್ತಾ ಉಂಟು" ಎಂದಳು ವಸಂತಿ.

ಯಾರ ಕೈ ಎಂಬ ಪ್ರಶ್ನೆಯನ್ನು ಒಲಿಂಡಾ ಬೇಗ ಮುಗಿಸಿದಳು. "ದಿನಾ ನೀರು ಹಾಕುವವರ್ಯಾರು? ವಸಂತಿ. ಹಾಗಾದರೆ ಅವಳ ಕೈ. ಸಾಲಿಗೆ ಸಾಲು ಮೂರು ಗೇಣು, ಗಿಡಕ್ಕೆ ಗಿಡ ಎರಡು ಗೇಣು. ಏರಿ ಬೇಡ ಅಣ್ಣ, ಇಲ್ಲಿ ನೀರು ಓಡಿಸುವುದಲ್ಲ, ಹಿಡಿಯುವುದು. ಸಾಲನ್ನು ನೆಲಕ್ಕಿಂತ ನಾಲ್ಕು ಬೆರಳು ತಗ್ಗು ಮಾಡಿ. ಗಿಡಕ್ಕೊಂದು ಬೊಗಸೆ ಆಡಿನ ಗೊಬ್ಬರ. ವಸಂತಿ, ಕಳೆದ ವರ್ಷ ಬೀಜ ಎಷ್ಟು ಆಳಕ್ಕೆ ಹಾಕಿದ್ದು?"

"ಕೋಲಿನಲ್ಲಿ ಕುತ್ತಿ ಹಾಕಿದ್ದು ಒಲಿಂಡಾ ಬಾಯಿ. ಇವರು ಅದೊಂದನ್ನು ಮಾತ್ರ ಅಳೆಯಲಿಲ್ಲ."

"ಆ ತೂತಿನೊಳಗೆ ಟೇಪು ಹೋಗುವುದಿಲ್ಲ ಮಾರಾಯ್ತಿ."

"ಬೆರಳು ಹೋಗ್ತದಲ್ಲ" ಎಂದಳು ಒಲಿಂಡಾ. "ತೋರುಬೆರಳಿನ ಮೊದಲ ಗೆಣ್ಣಿನವರೆಗೆ, ಅಷ್ಟೇ. ಅದಕ್ಕಿಂತ ಕೆಳಗೆ ಹೋದರೆ ಬೀಜ ಮೇಲೆ ಬರುವ ದಾರಿಯಲ್ಲೇ ಸುಸ್ತಾಗ್ತದೆ. ಗಿಡ ಎದ್ದ ಮೇಲೆ ಬೆಳಿಗ್ಗೆ ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡು. ತುದಿಗೆ ತಂಪು ಸಿಕ್ಕಿತಾ, ನೀರು ಬೇಡ. ಒಣಗಿದೆಯಾ, ಹಾಕು. ಇಲ್ಲಿ ನಲ್ಲಿಯಲ್ಲಿ ಬರುವುದು ಸಮುದ್ರ ಕುದಿಸಿ ಉಪ್ಪು ತೆಗೆದ ನೀರು, ಚೆಲ್ಲಬಾರದು."

ಅಗೆಯುವವನು ಸಂಕಪ್ಪ, ಅಳತೆಗೋಲು ವಸಂತಿ. ಪ್ರತಿ ಗುಂಡಿಗೂ ಅವನು ಹಾರೆ ನಿಲ್ಲಿಸಿ, "ವಸಂತೀ, ಕೈ ತಾ" ಎನ್ನುವುದು, ಅವಳು ಬಂದು ಗೇಣು ಹಾಕುವುದು. ಮೇಲಿನ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಿದ್ದ ಸ್ಟ್ಯಾನ್ಲಿ ಬಹಳ ಹೊತ್ತು ನೋಡಿ ಹೇಳಿದ, "ಸಂಕಪ್ಪಣ್ಣ, ಮದುವೆಯಲ್ಲಿ ಕೂಡ ನೀವು ಇಷ್ಟು ಸಲ ಕೈ ಕೇಳಿರಲಿಕ್ಕಿಲ್ಲ."

"ನಿನ್ನ ಚಹಾ ತಣಿಯುತ್ತದೆ ಮಾರಾಯ, ಕುಡಿ" ಎಂದ ಸಂಕಪ್ಪ ತಲೆ ಎತ್ತದೆ.

ಲೋಟ ಖಾಲಿಯಾಯಿತು. ಸಂಜೆ ಪಿಕಪ್ಪು ಹತ್ತುವಾಗ ಸಂಕಪ್ಪ ಹೆಂಡತಿಗೆ ಒಂದೇ ಮಾತು ಹೇಳಿದ. "ಮೊಳಕೆ ಬರದಿದ್ದರೆ ಸಿಸ್ಟರಿಗೆ ನಾನೇ ಹೇಳ್ತೇನೆ, ನೀನು ಹೇಳುವುದು ಬೇಡ."

ಮುಂದಿನ ಸಲ ಅವನು ಬಂದಾಗ ಟೇಪೂ ಬಂತು. ಆಗ ಸಾಲಿನುದ್ದಕ್ಕೂ ಎರಡೆಲೆ, ನಾಲ್ಕೆಲೆಯ ಗಿಡಗಳು ನಿಂತಿದ್ದವು. ಸಂಕಪ್ಪ ಬ್ಯಾಗು ಕೆಳಗಿಡದೆ ಹಿತ್ತಿಲಿಗೆ ಹೋಗಿ ಟೇಪು ಎಳೆದ. ಬಾಗಿಲಲ್ಲಿ ನಿಂತು ವಸಂತಿ ಕೇಳಿದಳು, "ಎಷ್ಟುಂಟು?"

"ಅರವತ್ತು. ಇಲ್ಲಿ ಅರವತ್ತೊಂದು."

"ಒಂದು ಹೆಚ್ಚಾಯ್ತಾ?"

ಸಂಕಪ್ಪ ಗಿಡಗಳನ್ನು ನೋಡಿದ. "ಬೆಂಡೆಗೆ ಅದೆಲ್ಲ ಗೊತ್ತಾಗುವುದಿಲ್ಲ" ಎಂದು ಟೇಪಿನ ಗುಂಡಿ ಒತ್ತಿದ. ಟೇಪು ಸರ್ರನೆ ಡಬ್ಬಿಯೊಳಗೆ ಹೋಯಿತು.

ಚಳಿಗಾಲದಲ್ಲಿ ಊರಬೆಂಡೆ ಕಟ್ಟಡದ ಎಲ್ಲರ ಸಾಂಬಾರಿಗೂ ಇಳಿಯಿತು. ಕೊಯ್ಯುವುದಕ್ಕೂ ಅಳತೆ ಅದೇ. ಕಾಯಿ ಗೇಣುದ್ದ ಆಯಿತೋ, ಕೊಯ್ಯಬೇಕು, ಬಿಟ್ಟರೆ ನಾರು. ರಜೆಯ ದಿನ ಸಂಕಪ್ಪ ಗಿಡದ ಮುಂದೆ ನಿಂತು, "ವಸಂತೀ, ಕೈ ತಾ" ಎಂದು ಕರೆಯುವುದು ಒಲಿಂಡಾಳ ಅಡಿಗೆಮನೆಗೂ ಕೇಳುತ್ತಿತ್ತು. ಎರಡು ಗಿಡಗಳ ಕಾಯಿಯನ್ನು ಮಾತ್ರ ವಸಂತಿ ಯಾರಿಗೂ ಮುಟ್ಟಲು ಬಿಡಲಿಲ್ಲ. ಅವು ಗಿಡದಲ್ಲೇ ಒಣಗಿ ಬಿರಿದವು. ಒಂದು ಹಿಡಿ ಹೋಗಿ ಒಂದು ಬೊಗಸೆ ಬೀಜವಾಯಿತು.

ಆ ಬೀಜದಲ್ಲಿ ಅರ್ಧ ರಜೆಗೆ ಹೋದಾಗ ಬಂಟ್ವಾಳ ಸೇರಿತು. ಕಾರಿನ ಶೆಡ್ಡಿನ ಪಕ್ಕದಲ್ಲಿ ಉಳಿದಿದ್ದ ಜಾಗವನ್ನು ಅಮ್ಮ ಆಗಲೇ ನೋಡಿಟ್ಟಿದ್ದಳು. "ಅಲ್ಲಿ ಎಷ್ಟು ದೂರಕ್ಕೆ ಹಾಕಿದ್ದು?" ಎಂದು ಕೇಳಿದಳು. ವಸಂತಿ ಜಗಲಿಯ ಮೇಲೆ ಕೈ ಅಗಲಿಸಿ ತೋರಿಸಿದಳು. ಅಮ್ಮ ತನ್ನ ಗೇಣನ್ನು ಅದರ ಪಕ್ಕದಲ್ಲಿಟ್ಟು ನೋಡಿದಳು. ಮಗಳದ್ದು ಒಂದು ಬೆರಳು ದೊಡ್ಡದು.

"ನೀನು ಆಚೆ ಹೋಗಿ ಚಹಾ ಇಡು" ಎಂದಳು ಅಮ್ಮ. "ಒಂದು ಜಾಗಕ್ಕೆ ಇಬ್ಬರ ಕೈ ಆಗುವುದಿಲ್ಲ. ಇಲ್ಲಿ ನಾನೇ ಹಾಕ್ತೇನೆ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಓದಿ ಮುಗಿದ ಕೂಡಲೇ ಅಡಿಗೆಮನೆಯ ನೆಲದ ಮೇಲೆ ನಿಮ್ಮ ಗೇಣು ಇಟ್ಟು ನೋಡಿ. ನಿಮ್ಮ ಟೈಲ್ಸ್ ಎಷ್ಟರದ್ದೆಂದು ಗೊತ್ತಿಲ್ಲದಿದ್ದರೆ ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲು ಸಾಕು. ಗೇಣು, ಮೊಳ, ಪಾದ, ಬೆರಳಿನ ಗೆಣ್ಣು, ಒಂದು ಸಲ ಅಳೆದರೆ ದೊಡ್ಡವರಿಗೆ ಜೀವಮಾನಕ್ಕೆ ಬಂತು. ಆಮೇಲೆ ಒಬ್ಬರ ಕೈಯಲ್ಲೇ ಇಡೀ ಹಿತ್ತಿಲನ್ನು ಅಳೆಯಿರಿ, ಬೀಜವನ್ನು ಒಂದು ಗೆಣ್ಣಿಗಿಂತ ಆಳಕ್ಕೆ ಕಳಿಸಬೇಡಿ, ಬೆರಳಿಗೆ ಕೇಳದೆ ನೀರು ಹಾಕಬೇಡಿ. ಅಕ್ಟೋಬರ್ ಬಂದಿದೆ. ಫ್ರಿಜ್ಜಿನ ಬಾಗಿಲಲ್ಲಿ ನಿಮ್ಮ ಅಮ್ಮನ ಹಿತ್ತಿಲಿನದ್ದೂ ಒಂದು ಪೊಟ್ಟಣ ಇರಬಹುದು. ಅರಬರು ಹೊರಡಿಸುವಾಗ ಹೇಳುವ ಹಾಗೆ ಯಲ್ಲಾ, ಏಳಿ, ಕೈ ತನ್ನಿ.